ಟೇಕ್‌ಡೌನ್ ರಿಕರ್ವ್ ಬಿಲ್ಲು

ಟೇಕ್‌ಡೌನ್ ರಿಕರ್ವ್ ಬಿಲ್ಲು ಎಂಬುದು ರೈಸರ್ ಎನ್ನುವ ನಡುವಿನ ಹಿಡಿಭಾಗ ಹಾಗೂ ಎರಡು ತೋಳುಗಳಾಗಿ ಬಿಚ್ಚಿ ಜೋಡಿಸಬಹುದಾದ, ತುದಿಗಳು ಬಿಲ್ಲುಗಾರನಿಂದ ಆಚೆಗೆ ಬಾಗಿರುವ ಬಿಲ್ಲು. ಒಲಿಂಪಿಕ್ ಬಿಲ್ವಿದ್ಯೆಯಲ್ಲಿ ಕಾಣುವುದು ಈ ಬಗೆಯದೇ. 25 ಅಂಗುಲದ ರೈಸರಿಗೆ ಗಿಡ್ಡ, ಮಧ್ಯಮ, ಉದ್ದ ತೋಳುಗಳನ್ನು ತೊಡಿಸಿದರೆ ಕ್ರಮವಾಗಿ 66, 68, 70 ಅಂಗುಲದ ಬಿಲ್ಲಾಗುತ್ತದೆ.

ಗಿಡ್ಡಗೊಳಿಸುವಿಕೆ

ಬಿಲ್ಲನ್ನು ಗಿಡ್ಡಗೊಳಿಸಲು ತೋಳನ್ನಾದರೂ ರೈಸರನ್ನಾದರೂ ಬದಲಿಸಬಹುದು. ಫಲ ಮಾತ್ರ ಒಂದೇ ಅಲ್ಲ. 25 ಅಂಗುಲದ ರೈಸರಿನಲ್ಲಿದ್ದ ತೋಳುಗಳನ್ನೇ 23 ಅಂಗುಲದ ರೈಸರಿಗೆ ಜೋಡಿಸಿ ಅಷ್ಟೇ ದೂರ ಹೆದೆ ಸೆಳೆದರೆ, ತೋಳುಗಳು ಹೆಚ್ಚು ಬಾಗಿ ಸೆಳೆತದ ಭಾರ ಸುಮಾರು 2 ಪೌಂಡ್ ಏರುತ್ತದೆ. ತೋಳಿನ ಮೇಲೆ ಬರೆದ ಅಂಕಿಯನ್ನು ನಂಬಿದ ಹೊಸಬರು ಎಡವುವುದು ಇಲ್ಲಿಯೇ. ಪೂರ್ತಿ ಸೆಳೆದಾಗ ಹೆದೆಯ ಕೋನ ಕಿರಿದಾಗಿ ಬೆರಳುಗಳನ್ನು ಹಿಂಡುತ್ತದೆ. ಕೊನೆಯ ಅಂಗುಲಗಳಲ್ಲಿ ಭಾರ ಒಮ್ಮೆಲೇ ಹೆಚ್ಚುತ್ತದೆ. ಆದುದರಿಂದ ಗಿಡ್ಡ ಬಿಲ್ಲು ಬಾಲಕರಿಗೆ, ಸೆಳೆತ ಕಡಿಮೆಯಿರುವವರಿಗೆ ಒಪ್ಪುತ್ತದೆ, ನೀಳತೋಳಿನವರಿಗೆ ಹೊಂದದು.

ಹೆದೆಯನ್ನೂ ಹೊಸದಾಗಿ ಕಟ್ಟಬೇಕು. ಅದು ಸಾಮಾನ್ಯವಾಗಿ ಬಿಲ್ಲಿನ ಅಳತೆಗಿಂತ 3ರಿಂದ 4 ಅಂಗುಲ ಗಿಡ್ಡ. ಇರುವ ತೋಳಿನ ತುದಿಯನ್ನೇ ಗರಗಸದಿಂದ ಕೊಯ್ಯುವ ಅಗ್ಗದ ಉಪಾಯ ಅಪಾಯಕರ: ಎರಡು ತೋಳುಗಳ ಸಮತೂಕ ಕೆಡುವುದಲ್ಲದೆ, ಸೆಳೆದಾಗ ಪದರಗಳು ಬಿಟ್ಟು ತೋಳು ಮುರಿದು ಮುಖಕ್ಕೇ ಬಡಿಯಬಹುದು.