ಮರ ಯಾರದು, ಉಳಿ ಯಾರದು: ಮಲೆನಾಡಿನ ಕಿರುಕೆತ್ತನೆಯ ಚರಿತ್ರೆ

ಪೀಠಿಕೆ

ಶೃಂಗೇರಿ ಪೇಟೆಗೆ ಹೊಂದಿಕೊಂಡ ಮೆಣಸೆಯಲ್ಲಾಗಲಿ, ಕೊಪ್ಪ, ನರಸಿಂಹರಾಜಪುರದ ಊರುಗಳಲ್ಲಾಗಲಿ ಮರಕ್ಕೆ ಬರವಿರಲಿಲ್ಲ. ಹಳೆಯ ತೊಟ್ಟಿಮನೆಗಳ ಕಂಬ, ಬೋದಿಗೆ, ತೊಲೆ, ಬಾಗಿಲವಾಡಗಳನ್ನು ನೋಡಿದರೆ ಉಳಿಯ ಕೆಲಸಕ್ಕೂ ಬರವಿರಲಿಲ್ಲವೆಂದು ತಿಳಿಯುತ್ತದೆ. ಹೀಗಿದ್ದೂ ಗೇಣುದ್ದದ ಬೊಂಬೆ, ಮುಖ, ಆನೆ, ಹಕ್ಕಿಗಳನ್ನು ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ಕೆತ್ತುವ ಅಭ್ಯಾಸ ಈ ಸೀಮೆಯಲ್ಲಿ ಬೇರೂರಿದ್ದು ಬಹಳ ತಡವಾಗಿ. ಮರ ಹೇರಳವಾಗಿದ್ದ ನೆಲದಲ್ಲಿ ಕಿರುಕೆತ್ತನೆ ಕೆಲವೇ ಮನೆತನಗಳ ಕಸುಬಾಗಿ ಏಕೆ ಉಳಿಯಿತು? ಅದು ಹವ್ಯಾಸಿಯ ಕೈಗೆ ಬಂದ ಬಗೆ ಯಾವುದು? ಈ ಲೇಖನ ಶೋಧಿಸುವುದು ಈ ಎರಡು ಪ್ರಶ್ನೆಗಳನ್ನು.

ಉತ್ತರವನ್ನು ಸಾಮಾನ್ಯವಾಗಿ ಕೈಚಳಕದಲ್ಲಿ ಹುಡುಕುತ್ತಾರೆ. ನನ್ನ ವಾದ ಬೇರೆ. ಯಾರು ಕೆತ್ತಬಹುದು, ಎಷ್ಟು ದೊಡ್ಡದನ್ನು ಕೆತ್ತಬಹುದು, ಕೆತ್ತಿದ್ದನ್ನು ಯಾರು ಇಟ್ಟುಕೊಳ್ಳಬಹುದು ಎಂಬುದನ್ನು ಪ್ರತಿಭೆಗಿಂತ ಹೆಚ್ಚಾಗಿ ಮರದ ಒಡೆತನ ತೀರ್ಮಾನಿಸಿದೆ. ಮರ ದೇವರದಾಗಿದ್ದ ಕಾಲ, ಅರಸನದಾದ ಕಾಲ, ತೋಟದ ಒಡೆಯನದಾದ ಕಾಲ ಎಂದು ಈ ಚರಿತ್ರೆಯನ್ನು ಮೂರು ಘಟ್ಟಗಳಲ್ಲಿ ಓದಬಹುದು.

ಶಾಸ್ತ್ರದ ಕಣ್ಣಲ್ಲಿ ಮರ

ಮರದ ವಿಗ್ರಹದ ಬಗ್ಗೆ ಬಹಳ ಹಳೆಯ ವಿವರಗಳು ಇರುವುದು ಸಂಸ್ಕೃತದಲ್ಲಿ. 6ನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವಿಗ್ರಹಕ್ಕೆ ಮರ ತರಲು ಕಾಡು ಹೊಗುವ ಕ್ರಮಕ್ಕೆಂದೇ ಒಂದು ಅಧ್ಯಾಯವಿದೆ. ಸ್ಮಶಾನದಲ್ಲಿ, ದಾರಿಯಲ್ಲಿ, ಹುತ್ತದ ಮೇಲೆ ಬೆಳೆದ ಮರ ಬೇಡ; ಹಕ್ಕಿಗೂಡಿರುವ, ಬಳ್ಳಿ ಹಬ್ಬಿದ, ಸಿಡಿಲು ಬಡಿದ, ಗಾಳಿಗೋ ಆನೆಗೋ ಮುರಿದ ಮರ ಬೇಡ. ದೇವದಾರು, ಚಂದನ, ಶಮಿ, ಮಧೂಕಗಳಿಂದ ಮೊದಲಾಗಿ ಯಾವ ವರ್ಣದವರಿಗೆ ಯಾವ ಮರ ಎಂಬ ಪಟ್ಟಿಯೂ ಅಲ್ಲಿದೆ. ಕಡಿಯುವ ಮೊದಲು ಮರದ ಮೇಲೆ ದಿಕ್ಕುಗಳನ್ನೂ ಬುಡ-ತುದಿಗಳನ್ನೂ ಗುರುತಿಸಬೇಕು, ಮರ ನಿಂತಿದ್ದಂತೆಯೇ ವಿಗ್ರಹವೂ ನಿಲ್ಲಬೇಕು ಎನ್ನುತ್ತದೆ ಆ ಅಧ್ಯಾಯ.

ಇದರಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ಶುದ್ಧ ಮರಜ್ಞಾನ: ಸಿಡಿಲು ತಿಂದ, ಹುತ್ತ ಹತ್ತಿದ ಮರದೊಳಗೆ ಬಿರುಕು, ಟೊಳ್ಳು, ಗೆದ್ದಲು ಇರುವುದು ಸಹಜ; ಇಂದಿನ ಕೆತ್ತನೆಗಾರನೂ ಅದನ್ನು ಮುಟ್ಟುವುದಿಲ್ಲ. ಇನ್ನೊಂದು, ಹಕ್ಕಿನ ಹಂಚಿಕೆ: ಯಾರಿಗೆ ಯಾವ ಮರ ಎಂಬುದು ಮೊದಲೇ ನಿಗದಿ. ಮರವನ್ನು ಮುಟ್ಟುವ ಮುನ್ನ ಪೂಜೆ, ಬಲಿ, ಅನುಮತಿ ಬೇಕು. ಇಂಥ ವ್ಯವಸ್ಥೆಯಲ್ಲಿ ಮೂರ್ತಿಯನ್ನು ಸುಮ್ಮನೆ ಖುಷಿಗೆ ಕೆತ್ತುವ ಕಲ್ಪನೆಗೆ ಎಡೆ ಕಡಿಮೆ.

ಶೃಂಗೇರಿಯ ಪರಂಪರೆ ಇದೇ ನೆಲೆಯದು. ಶಂಕರಾಚಾರ್ಯರು ಪ್ರತಿಷ್ಠಾಪಿಸಿದ ಶಾರದೆಯ ಮೊದಲ ಮೂರ್ತಿ ಶ್ರೀಗಂಧದ್ದೆಂದೂ, 14ನೇ ಶತಮಾನದಲ್ಲಿ ವಿದ್ಯಾರಣ್ಯರ ಕಾಲಕ್ಕೆ ಅದರ ಜಾಗಕ್ಕೆ ಚಿನ್ನದ ಮೂರ್ತಿ ಬಂತೆಂದೂ ಮಠದ ಪರಂಪರೆ ಹೇಳುತ್ತದೆ. ಶಾರದಾ ಗುಡಿಯೇ ಮರದ ಕಟ್ಟಡವಾಗಿತ್ತು, ಹೆಂಚಿನ ಮಾಡು ಹೊತ್ತಿತ್ತು. ಬೆಂಕಿಯಿಂದ ಹಾನಿಯಾದ ಬಳಿಕ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು ಕಲ್ಲಿನ ಗುಡಿಯ ಕೆಲಸ ಆರಂಭಿಸಿದರು. 1916ರಲ್ಲಿ ಚಂದ್ರಶೇಖರ ಭಾರತೀ ಸ್ವಾಮಿಗಳು ಅದರ ಕುಂಭಾಭಿಷೇಕ ನೆರವೇರಿಸಿದರು. ಮರದಿಂದ ಲೋಹಕ್ಕೆ, ಮರದಿಂದ ಕಲ್ಲಿಗೆ ಆದ ಈ ಎರಡು ಬದಲಾವಣೆಗಳನ್ನು ಒಟ್ಟಿಗೆ ನೋಡಬೇಕು. ಮಳೆ, ಗೆದ್ದಲು, ಬೆಂಕಿ ಮೂರೂ ಇರುವ ಮಲೆನಾಡಿನಲ್ಲಿ ಮರದ ಶಿಲ್ಪ ಬಾಳುವುದು ಕಷ್ಟ. ಇಲ್ಲಿನ ಮರಗೆತ್ತನೆಯ ಇತಿಹಾಸಕ್ಕೆ ಸಾಕ್ಷ್ಯ ವಿರಳವಾಗಿರುವುದಕ್ಕೆ ಕಲೆಯ ಕೊರತೆಗಿಂತ ಹವೆಯೇ ದೊಡ್ಡ ಕಾರಣ.

ದೈವದ ಉರುಗಳು

ಘಟ್ಟ ಇಳಿದರೆ ತುಳುನಾಡು. ಅಲ್ಲಿ ಭೂತಾರಾಧನೆಯ ಸಲುವಾಗಿ ಹಲಸಿನ ಮರದಲ್ಲಿ ಕೆತ್ತಿದ ‘ಉರು’ ಎಂಬ ದೈವಮೂರ್ತಿಗಳ ದೊಡ್ಡ ಪರಂಪರೆ ಇದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿ ಕೆಂಪು ಬಣ್ಣ ಬಳಿದ ನೂರಕ್ಕೂ ಹೆಚ್ಚು ಉರುಗಳು ಸಾಲುಗಟ್ಟಿ ನಿಂತಿವೆ. ಅಗಲವಾಗಿ ತೆರೆದ ಕಣ್ಣು, ಆಳವಾಗಿ ಕೊರೆದ ಗೀಟು, ಒಂದೇ ದಿಮ್ಮಿಯಿಂದ ಎದ್ದ ನೇರ ನಿಲುವು ಅವುಗಳ ಲಕ್ಷಣ. ಮರ ಜೀರ್ಣವಾದಂತೆ ಹೊಸ ಉರು ಕೆತ್ತುವುದು ರೂಢಿ. ಇಲ್ಲಿನ ಹಳೆಯ ಉರುಗಳಲ್ಲಿ ಕೆಲವು ಇಂದು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ.

ಒಡೆತನದ ದೃಷ್ಟಿಯಿಂದ ಉರು ಬಹಳ ಸ್ಪಷ್ಟ ಉದಾಹರಣೆ. ಮರ ದೈವದ್ದು, ಕೆಲಸ ದೈವದ್ದು, ಮುಗಿದ ಮೂರ್ತಿಯೂ ದೈವದ್ದು. ಕೆತ್ತಿದವನ ಹೆಸರು ಅದರ ಮೇಲಿಲ್ಲ, ಒಂದು ಪ್ರತಿಯನ್ನು ಮನೆಗೆ ಒಯ್ಯುವ ಯೋಚನೆಯೂ ಅವನದಲ್ಲ.

ಗುಡಿಗಾರರು ಮತ್ತು ಅರಸನ ಮರ

ಕಿರುಕೆತ್ತನೆಯನ್ನು ಬದುಕಾಗಿಸಿಕೊಂಡವರು ಗುಡಿಗಾರರು. ಸೊರಬ, ಸಾಗರ ಹಾಗೂ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಭಾಗದ ಈ ಸಮುದಾಯ ಶ್ರೀಗಂಧ ಮತ್ತು ದಂತದಲ್ಲಿ ಪೆಟ್ಟಿಗೆ, ಬೀಸಣಿಗೆ, ಪುಟ್ಟ ಮೂರ್ತಿಗಳನ್ನು ಕೆತ್ತುತ್ತ ಬಂತು. ರಥದ ಕೆಲಸ, ಮಣ್ಣಿನ ಗಣಪತಿ, ಮದುವೆಯ ಬೆಂಡಿನ ಬಾಸಿಂಗ ಇವೂ ಅವರವೇ. ಜಾರ್ಜ್ ಬರ್ಡ್‌ವುಡ್ 1880ರಲ್ಲಿ ಪ್ರಕಟಿಸಿದ ಭಾರತದ ಕೈಗಾರಿಕಾ ಕಲೆಗಳ ಗ್ರಂಥದಲ್ಲೂ, ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲೂ ಇವರ ಕೆಲಸಕ್ಕೆ ಮನ್ನಣೆ ಸಿಕ್ಕಿದೆ. ರೈಸ್ ದಾಖಲಿಸಿದ ಸಲಕರಣೆಗಳು ಕೆಲವೇ: ಗರಗಸ, ಹತ್ತರಿ, ಕೊಡತಿ, ಸಾಣೆಕಲ್ಲು, ಬಗೆಬಗೆಯ ಉಳಿಗಳು, ಬಹಳ ಸೂಕ್ಷ್ಮವಾದ ಕೊರೆಮೊಳೆಗಳು. ಇಷ್ಟರಲ್ಲೇ ಬಳ್ಳಿ, ಎಲೆ, ಸುರುಳಿಗಳ ಹೆಣಿಗೆಯನ್ನು ಇಡೀ ಮೇಲ್ಮೈಗೆ ತುಂಬಿ, ನಡುವೆ ದೇವತೆಗಳನ್ನೂ ಪ್ರಾಣಿಗಳನ್ನೂ ಕೂರಿಸುತ್ತಿದ್ದರು.

ಇವರ ಕೆತ್ತನೆ ಇಷ್ಟು ಚಿಕ್ಕದು, ಇಷ್ಟು ದಟ್ಟ ಏಕೆ? ಒಂದು ಕಾರಣ ಮರದ ಗುಣ. ಶ್ರೀಗಂಧದ ಚೇಗು ಒತ್ತಾದ, ಎಣ್ಣೆಯಂಶದ, ಸಮ ಎಳೆಯ ಮರ. ಸೂಜಿಯಂಥ ಉಳಿಯ ಗೀಟನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಕಾರಣ ಬೆಲೆ. ಟಿಪ್ಪು ಸುಲ್ತಾನ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಒಡೆಯರ ಕಾಲದಲ್ಲೂ ಸ್ವಾತಂತ್ರ್ಯಾನಂತರವೂ ಆ ಮರ ಸರ್ಕಾರದ ಸ್ವತ್ತಾಗಿಯೇ ಉಳಿಯಿತು. ರೈತನ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಿಡವೂ ಅವನದಾಗಿರಲಿಲ್ಲ. ಮರ ಸರ್ಕಾರದ ಗಂಧದ ಕೋಠಿ ಸೇರಬೇಕಿತ್ತು, ಗುಡಿಗಾರನಿಗೆ ತುಂಡು ಅಲ್ಲಿಂದ ಬರಬೇಕಿತ್ತು. ತೂಕದ ಲೆಕ್ಕದಲ್ಲಿ ಕೊಂಡ ಮರದ ಒಂದು ಚಕ್ಕೆಯನ್ನೂ ವ್ಯರ್ಥ ಮಾಡುವಂತಿರಲಿಲ್ಲ. ಅಂಗುಲ ಅಂಗುಲವನ್ನೂ ತುಂಬುವ ಆ ಶೈಲಿಯ ಹಿಂದೆ ಸೌಂದರ್ಯದೃಷ್ಟಿಯ ಜೊತೆಗೆ ಈ ಲೆಕ್ಕಾಚಾರವೂ ಇದೆಯೆಂದು ನಾನು ತಿಳಿಯುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಯುರೋಪಿನ ಗಿರಾಕಿಗಳ ದಾರಿ ಮುಚ್ಚಿದಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ನಿಂತಿತು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಹುಟ್ಟಿದವು. ಅಂದಿನಿಂದ ಉಳಿಗೆ ಬಟ್ಟಿಯೊಡನೆ ಪೈಪೋಟಿ. ದಂತದ ದಾರಿಯಂತೂ ಪೂರ್ತಿ ಮುಚ್ಚಿತು: ಭಾರತೀಯ ದಂತದ ವ್ಯಾಪಾರ ವನ್ಯಜೀವಿ ಕಾಯ್ದೆಯ 1986ರ ತಿದ್ದುಪಡಿಯಿಂದ, ಆಫ್ರಿಕಾದ ದಂತದ್ದು 1991ರ ತಿದ್ದುಪಡಿಯಿಂದ ನಿಂತವು. ಆನೆಯ ಉಳಿವಿಗೆ ಅದು ಅಗತ್ಯವಾಗಿತ್ತು. ಕುಶಲಕರ್ಮಿಗಳು ಶಿವನೆಯಂಥ ಮರಗಳತ್ತ ಹೊರಳಿದರು. ಮರ ಹಗುರವಾಯಿತು, ಮೂರ್ತಿ ದೊಡ್ಡದಾಯಿತು, ಗೀಟು ದಪ್ಪವಾಯಿತು. ಕಾನೂನು ಶೈಲಿಯನ್ನು ಬದಲಿಸಿದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ಕಡಿಮೆ.

ಪೆಸಿಫಿಕ್ ದ್ವೀಪಗಳ ಸಾಕ್ಷಿ

ಮರದ ಒಡೆತನ ಕೆತ್ತನೆಯ ಹಾದಿಯನ್ನು ಬದಲಿಸಿದ ಇದೇ ಕತೆ ಬಹುದೂರದ ಪಾಲಿನೇಷ್ಯಾದಲ್ಲೂ ನಡೆದಿದೆ. ಇಂದು ಜಗತ್ತಿನ ಹವ್ಯಾಸಿಗಳು ಬಹಳವಾಗಿ ಕೆತ್ತುವ ‘ಟಿಕಿ’ ಬೊಂಬೆಯ ತವರು ಅದು. ಅಲ್ಲಿನ ಮಾವೊರಿ ಜನರ ಪುರಾಣಗಳಲ್ಲಿ ಟಿಕಿ ಮೊದಲ ಮನುಷ್ಯ. ಮಾರ್ಕೆಸಾಸ್ ದ್ವೀಪಗಳಲ್ಲಿ ಕಲ್ಲು-ಮರಗಳ ಪೂರ್ವಜ ಮೂರ್ತಿಗಳಿಗೆ ಅದೇ ಹೆಸರು. ರುರುತು ದ್ವೀಪದವರು 1821ರಲ್ಲಿ ಕ್ರೈಸ್ತ ಮಿಷನರಿಗಳಿಗೆ ಒಪ್ಪಿಸಿದ ‘ಅಆ’ ಎಂಬ ದೇವಮೂರ್ತಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೈಮೇಲೆ ಕಣ್ಣು, ಮೂಗು, ಬಾಯಿಗಳ ಜಾಗದಲ್ಲೂ ಪುಟ್ಟ ಆಕೃತಿಗಳಿವೆ. ಈ ಮೂರ್ತಿಯ ಮರ ಶ್ರೀಗಂಧದ ಜಾತಿಯದೆಂದು ಇತ್ತೀಚಿನ ಪರೀಕ್ಷೆಗಳು ತೋರಿಸಿವೆ.

ಹವಾಯಿಯಲ್ಲಿ 19ನೇ ಶತಮಾನದ ಆರಂಭಕ್ಕೆ ಒಂದನೆಯ ಕಾಮೆಹಮೆಹ ದೊರೆ ಗಂಧದ ವ್ಯಾಪಾರವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡ. ಮರ ಚೀನಾದ ಕ್ಯಾಂಟನ್ನಿಗೆ ಹೋಯಿತು, ಕೆಲವೇ ದಶಕಗಳಲ್ಲಿ ಕಾಡು ಬರಿದಾಯಿತು. 1819ರಲ್ಲಿ ದೊರೆ ತೀರಿಕೊಂಡ ವರ್ಷವೇ ಹಳೆಯ ಧರ್ಮದ ಕಟ್ಟಳೆಗಳು ರದ್ದಾಗಿ ಅಸಂಖ್ಯ ಮರದ ಮೂರ್ತಿಗಳು ಸುಟ್ಟುಹೋದವು. ಶ್ರೀರಂಗಪಟ್ಟಣದ ಅರಸ ಮತ್ತು ಹವಾಯಿಯ ದೊರೆ, ಒಬ್ಬರನ್ನೊಬ್ಬರು ಅರಿಯದೆ, ಒಂದು ತಲೆಮಾರಿನ ಅಂತರದಲ್ಲಿ ಒಂದೇ ಕುಲದ ಮರವನ್ನು ತಮ್ಮದಾಗಿಸಿಕೊಂಡಿದ್ದರು.

ಟಿಕಿ ಹವ್ಯಾಸವಾದದ್ದು ಮೂಲನೆಲದ ಹೊರಗೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೋಟೆಲುಗಳು ದ್ವೀಪಗಳ ಅಲಂಕಾರವನ್ನು ಜನಪ್ರಿಯಗೊಳಿಸಿದವು. ಎರಡನೆಯ ಮಹಾಯುದ್ಧದ ನಂತರ ಪೆಸಿಫಿಕ್‌ನಿಂದ ಮರಳಿದ ಸೈನಿಕರು ಆ ಮೋಹವನ್ನು ಹೆಚ್ಚಿಸಿದರು. ತಾಳೆಜಾತಿಯ ದಿಮ್ಮಿಯಲ್ಲಿ ಮುಖ ಕೆತ್ತುವುದು ಮನೆಯಂಗಳದ ಕೆಲಸವಾಯಿತು. ರೂಪ ಉಳಿಯಿತು, ಪೂರ್ವಜರು ಮರೆಯಾದರು. ಇದನ್ನು ನಾವು ಎಚ್ಚರದಿಂದ ಗಮನಿಸಬೇಕು. ಪಂಜುರ್ಲಿಯಂಥ ದೈವವನ್ನೋ ನಂದಿಕೇಶ್ವರನನ್ನೋ ಅಲಂಕಾರದ ಬೊಂಬೆಯಾಗಿಸುವುದು ಆರಾಧಕರಿಗೆ ನೋವು ತರಬಹುದು. ಹವ್ಯಾಸಿ ಉರುಗಳಿಂದ ಕಲಿಯಬೇಕಾದುದು ಆಳವಾದ ಗೀಟು, ದಿಟ್ಟ ಕಣ್ಣು, ದಿಮ್ಮಿಯ ನಿಲುವನ್ನು ಕೆಡಿಸದ ವಿನ್ಯಾಸ. ದೈವದ ರೂಪವನ್ನು ದೈವಸ್ಥಾನಕ್ಕೇ ಬಿಡುವುದು ಮರ್ಯಾದೆ.

ಮನೆತನದಿಂದ ಶಾಲೆಗೆ

ಹವ್ಯಾಸ ಹುಟ್ಟಲು ಮರದಷ್ಟೇ ವಿದ್ಯೆಯೂ ಬಿಡುಗಡೆಯಾಗಬೇಕಿತ್ತು. ಸ್ವೀಡನ್ನಿನ ನೇಸ್ ಎಂಬಲ್ಲಿ ಒಟ್ಟೊ ಸಾಲೊಮನ್ 19ನೇ ಶತಮಾನದ ಕೊನೆಗೆ ಚಾಕುವಿನಿಂದ ಆರಂಭವಾಗುವ ಮರಗೆಲಸವನ್ನು ಎಲ್ಲ ಮಕ್ಕಳ ಶಿಕ್ಷಣವಾಗಿ ರೂಪಿಸಿ ಜಗತ್ತಿನ ಶಿಕ್ಷಕರಿಗೆ ಕಲಿಸಿದರು. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್, ಕೈಕಸುಬನ್ನೇ ಕಲಿಕೆಯ ಕೇಂದ್ರವಾಗಿಸಿತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮುನ್ನಡೆಸಿದರು. ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಟ್ರಸ್ಟ್ ನಡೆಸುವ ಸಿ.ಇ. ಕಾಮತ್ ಸಂಸ್ಥೆ ಕಲ್ಲು, ಮರ, ಲೋಹದ ಶಿಲ್ಪವನ್ನು ಮನೆತನದ ಹಿನ್ನೆಲೆಯಿಲ್ಲದ ಯುವಕರಿಗೂ ಕಲಿಸುತ್ತದೆ.

ಇನ್ನೊಂದು ದಾರಿ ರಂಗದ್ದು. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸುವ ಕೆಲಸ, ಕುಂದಾಪುರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಮತ್ತು ಕಾಸರಗೋಡಿನ ಬೊಂಬೆಯಾಟ ಸಂಘ ಉಳಿಸಿಕೊಂಡ ಯಕ್ಷಗಾನ ಗೊಂಬೆಗಳು, ಇವು ಕಿರುಕೆತ್ತನೆಯನ್ನು ಜನರ ಕಣ್ಣಮುಂದೆ ಇಟ್ಟವು. ಗುಡಿಯೊಳಗಿನ ಮೂರ್ತಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಮುರಿದ ಆಭರಣವನ್ನು ಮಾತ್ರ ಯಾರಾದರೂ ದುರಸ್ತಿ ಮಾಡಲೇಬೇಕಿತ್ತು.

ತೋಟದ ಮರ

ಮೂರನೆಯ ಘಟ್ಟ ಇಂದಿನದು. 2001ರ ಕಾನೂನು ತಿದ್ದುಪಡಿ ಜಮೀನಿನ ಒಡೆಯನಿಗೆ ಅವನ ನೆಲದ ಶ್ರೀಗಂಧದ ಹಕ್ಕು ಕೊಟ್ಟಿತು. ಕಡಿಯಲು, ಸಾಗಿಸಲು ನಿಯಮಗಳು ಉಳಿದವು. ಬೀಟೆಯ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದಲ್ಲಿದೆ. ಕರಕುಶಲ ವಸ್ತುಗಳ ರಫ್ತಿಗೆ ಆ ಬಳಿಕ ಒಂದಿಷ್ಟು ಸಡಿಲಿಕೆ ಸಿಕ್ಕಿದೆ. ಹವ್ಯಾಸಿ ಶ್ರೀಗಂಧ, ಬೀಟೆ ಎರಡನ್ನೂ ಬಿಟ್ಟುಬಿಡುವುದೇ ಲೇಸು. ಅವನಿಗೆ ಬೇಕಾದದ್ದು ತೋಟದಲ್ಲೇ ಇದೆ: ಕಿತ್ತ ಕಾಫಿಗಿಡದ ಒತ್ತೆಳೆಯ ಬೊಡ್ಡೆ, ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಓಕಿನ ಕೊಂಬೆ, ಗಾಳಿಗೆ ಬಿದ್ದ ಹಲಸು, ಚನ್ನಪಟ್ಟಣದ ಆಟಿಕೆಗಳಿಗೆ ಹೆಸರು ತಂದ ಹಾಲೆ, ಹಗುರವಾದ ಶಿವನೆ.

ಮಲೆನಾಡಿನ ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ವಿದ್ಯೆ. ಮರ ಒಣಗುವಾಗ ಉಂಗುರದ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಇಡೀ ದುಂಡುದಿಮ್ಮಿ ಬಿರಿಯುವುದು ಈ ಕಾರಣಕ್ಕೆ. ದಿಮ್ಮಿಯನ್ನು ಸೀಳಿ ತಿರುಳನ್ನು ತೆಗೆದು, ತುದಿಗಳಿಗೆ ಮೇಣ ಬಳಿದು, ಅಟ್ಟದ ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಕೆತ್ತಿದ ಮುಖ ಉಳಿಯುತ್ತದೆ. ಎಳೆ ಹೋದತ್ತ ಉಳಿ ಹೋಗಬೇಕೆಂಬುದು ಅದರ ಮುಂದಿನ ಪಾಠ.

ಉಪಸಂಹಾರ

ಮರ ದೇವರದಾಗಿದ್ದಾಗ ಕೆತ್ತನೆ ಸೇವೆಯಾಗಿತ್ತು, ಅರಸನದಾದಾಗ ಕಸುಬಾಯಿತು, ತೋಟದವನದಾದಾಗಲೇ ಹವ್ಯಾಸವಾಗಲು ಸಾಧ್ಯವಾಯಿತು. ಮೊದಲೆರಡು ಘಟ್ಟಗಳು ಮುಗಿದಿಲ್ಲ. ಮೆಕ್ಕೆಕಟ್ಟಿನಲ್ಲಿ ಸೇವೆಯಿದೆ, ಸಾಗರ-ಸೊರಬಗಳಲ್ಲಿ ಕಸುಬಿದೆ. ಹವ್ಯಾಸಿಗಳು ಬೆಳೆದರೆ ಗುಡಿಗಾರರ ಅನ್ನಕ್ಕೆ ಕುತ್ತು ಬರುತ್ತದೆಂಬ ಆತಂಕ ಕೆಲವರಲ್ಲಿದೆ. ನನ್ನ ನಂಬಿಕೆ ಇದಕ್ಕೆ ವಿರುದ್ಧ. ಒಂದು ಕಾಫಿ ಬೊಡ್ಡೆಯಲ್ಲಿ ಕಣ್ಣು ಮೂಡಿಸಲು ಸಂಜೆಗಳನ್ನು ಕಳೆದವನೇ ಗುಡಿಗಾರನ ಗಂಧದ ಪೆಟ್ಟಿಗೆಗೆ ನ್ಯಾಯವಾದ ಬೆಲೆ ಕೊಡುತ್ತಾನೆ, ಏಕೆಂದರೆ ಆ ಬೆಲೆ ಏನೆಂದು ಅವನ ಬೆರಳುಗಳಿಗೆ ಗೊತ್ತು. ಆದ್ದರಿಂದ ಈ ಸೀಮೆಯ ಶಾಲೆಗಳು ಮರಗೆಲಸದ ತರಗತಿಗೆ ಮತ್ತೆ ಜಾಗ ಕೊಡಬೇಕು. ಹಿರಿಯ ಗುಡಿಗಾರರನ್ನು ಅಲ್ಲಿ ಗುರುಗಳಾಗಿ, ಗೌರವಧನದೊಂದಿಗೆ ಕರೆಸಬೇಕು. ಅವರ ಉಳಿಗಳ ಹೆಸರು, ಹಿಡಿಯುವ ಬಗೆ, ಸಾಣೆ ಹಿಡಿಯುವ ಕ್ರಮಗಳನ್ನು ಅವರು ಇರುವಾಗಲೇ ದಾಖಲಿಸಬೇಕು. ಸಂಶೋಧಕರಿಗೆ ಇದಕ್ಕಿಂತ ತುರ್ತಾದ ಕೆಲಸ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.