ಕಂಬಂ ಕಣಿವೆಯಿಂದ ಕಾಲೇಜಿಗೆ: ಶಾಲಾ ವಿಷಯಗಳ ಆಯ್ಕೆಯ ಚರಿತ್ರೆ

ಕಾಲೇಜು ಸೇರಬೇಕಾದರೆ ಪ್ರೌಢಶಾಲೆಯಲ್ಲಿ ಯಾವ ಯಾವ ವಿಷಯಗಳನ್ನು ಓದಿರಬೇಕು ಎಂಬ ನಿಯಮಗಳು ತಮಿಳುನಾಡಿನ ಮಟ್ಟಿಗೆ ರೂಪುಗೊಂಡದ್ದು ಮದ್ರಾಸಿನಲ್ಲಿ. ಆದರೆ ಅವುಗಳ ಭಾರ ಹೆಚ್ಚಾಗಿ ಬಿದ್ದದ್ದು ಇಂದಿನ ತೇನಿ ಜಿಲ್ಲೆಯ ಕಾಮಯಗೌಂಡನ್‌ಪಟ್ಟಿಯಂತಹ, ಕಾಲೇಜುಗಳಿಂದ ದೂರವಿದ್ದ ಊರುಗಳ ಮೇಲೆ. ಈ ಊರಿರುವ ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಕರೆಯಲ್ಪಡುವ ಕನ್ನಡ ಮಾತಿನ ಒಕ್ಕಲು ಮನೆತನಗಳು ತಲೆತಲಾಂತರದಿಂದ ನೆಲೆಸಿದ್ದು, 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಅವರ ವಿವರಣೆ ದೊರೆಯುತ್ತದೆ. ಈ ಮನೆಗಳ ಕನ್ನಡ ಆಡುಮಾತಾಗಿಯೇ ಉಳಿದುಕೊಂಡು ಬಂದುದರಿಂದ, ಓದುಬರಹದ ಭಾಷೆ ಮೊದಲಿನಿಂದಲೂ ತಮಿಳೇ ಆಗಿತ್ತು.

1857ರಲ್ಲಿ ಸ್ಥಾಪನೆಯಾದ ಮದ್ರಾಸ್ ವಿಶ್ವವಿದ್ಯಾಲಯವು ಪ್ರವೇಶಕ್ಕೆಂದು ಮೆಟ್ರಿಕ್ಯುಲೇಶನ್ ಎಂಬ ಪರೀಕ್ಷೆಯನ್ನು ನಡೆಸುತ್ತಿತ್ತು. ಅದನ್ನು ದಾಟಿದವರು ಎಫ್.ಎ. ಎಂದು ಕರೆಯಲಾಗುತ್ತಿದ್ದ ಎರಡು ವರ್ಷಗಳ ಶಿಕ್ಷಣಕ್ಕೆ ಸೇರುತ್ತಿದ್ದರು. ಒಂದು ವಿಷಯದಲ್ಲಿ ಎಷ್ಟೇ ಪ್ರತಿಭೆಯಿದ್ದರೂ ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾಗಲೇಬೇಕೆಂಬ ನಿಯಮ ಎಷ್ಟು ಕಠೋರವಾಗಿತ್ತೆಂಬುದಕ್ಕೆ ಶ್ರೀನಿವಾಸ ರಾಮಾನುಜನ್ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1904ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಕುಂಭಕೋಣದ ಸರ್ಕಾರಿ ಕಾಲೇಜನ್ನು ಸೇರಿದ ಅವರು, ಗಣಿತವೊಂದನ್ನುಳಿದು ಬೇರೆ ವಿಷಯಗಳಲ್ಲಿ ಹಿಂದೆ ಬಿದ್ದು ಆ ವೇತನವನ್ನು ಕಳೆದುಕೊಂಡರು. ಮುಂದೆ ಮದ್ರಾಸಿನ ಪಚ್ಚೈಯಪ್ಪ ಕಾಲೇಜಿನಲ್ಲಿ ಓದಿಯೂ ಎಫ್.ಎ. ತೇರ್ಗಡೆಯಾಗಲಿಲ್ಲ.

1911ರ ಹೊತ್ತಿಗೆ ಮದ್ರಾಸ್ ಪ್ರಾಂತದಲ್ಲಿ ಎಸ್.ಎಸ್.ಎಲ್.ಸಿ., ಅಂದರೆ ಪ್ರೌಢಶಾಲೆಯನ್ನು ಬಿಡುವಾಗ ಕೊಡುವ ಪ್ರಮಾಣಪತ್ರದ ಪದ್ಧತಿ ಜಾರಿಗೆ ಬಂದಿತು. ಈ ಪ್ರಮಾಣಪತ್ರ ಒಂದು ಹಾಳೆಯಾಗಿರದೆ ಪುಸ್ತಕದ ರೂಪದಲ್ಲಿತ್ತು. ಅದರಲ್ಲಿ ಸಾರ್ವಜನಿಕ ಪರೀಕ್ಷೆಯ ಅಂಕಗಳ ಜೊತೆಗೆ ಶಾಲೆಯಲ್ಲಿ ಪಡೆದ ಅಂಕಗಳೂ ದಾಖಲಾಗುತ್ತಿದ್ದವು. ಹುಡುಗನೊಬ್ಬ ಎಸ್.ಎಸ್.ಎಲ್.ಸಿ. ಮುಗಿಸಿದ್ದಾನೆ ಎಂಬುದು ಒಂದು ಮಾತು, ಕಾಲೇಜು ಶಿಕ್ಷಣಕ್ಕೆ ಅರ್ಹನೆಂದು ಘೋಷಿತನಾಗಿದ್ದಾನೆ ಎಂಬುದು ಇನ್ನೊಂದು ಮಾತು. ಮೊದಲನೆಯದು ಗುಮಾಸ್ತಿಕೆಗೆ ಸಾಲುತ್ತಿತ್ತು. ಎರಡನೆಯದಿಲ್ಲದೆ ಕಾಲೇಜಿನ ಬಾಗಿಲು ತೆರೆಯುತ್ತಿರಲಿಲ್ಲ. ಕಡ್ಡಾಯ ವಿಷಯಗಳು ಎಲ್ಲ ಶಾಲೆಗಳಲ್ಲಿಯೂ ಒಂದೇ ಆಗಿದ್ದರೂ ಐಚ್ಛಿಕ ವಿಷಯಗಳು, ಅಂದರೆ ವಿದ್ಯಾರ್ಥಿ ಆರಿಸಿಕೊಳ್ಳಬಹುದಾದವು, ಆಯಾ ಶಾಲೆಯ ಅಧ್ಯಾಪಕರನ್ನೂ ಪ್ರಯೋಗಶಾಲೆಯನ್ನೂ ಅವಲಂಬಿಸಿದ್ದವು. ಆಯ್ಕೆ ವಿದ್ಯಾರ್ಥಿಯದೆಂದು ನಿಯಮ ಹೇಳುತ್ತಿತ್ತು. ಆದರೆ ಶಾಲೆಯಲ್ಲಿ ಕಲಿಸದ ವಿಷಯವನ್ನು ಆರಿಸಿಕೊಳ್ಳುವ ಬಗೆ ಯಾರಿಗೂ ಇರಲಿಲ್ಲ. ಪ್ರವೇಶ ನಿಯಮಗಳ ಚರಿತ್ರೆಯನ್ನು ಓದುವಾಗ ಅಂಕಗಳಿಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಇದನ್ನೇ.

ಮುಂದಿನ ದಶಕಗಳಲ್ಲಿ ವಿಷಯಗಳ ಆಯ್ಕೆಯ ಈ ಕವಲು ಗಣಿತದಲ್ಲಿ ಎದ್ದು ಕಾಣುತ್ತದೆ. ಹನ್ನೊಂದನೆಯ ತರಗತಿಗೆ ಮುಗಿಯುತ್ತಿದ್ದ ಹಳೆಯ ಎಸ್.ಎಸ್.ಎಲ್.ಸಿ.ಯಲ್ಲಿ ಜನರಲ್ ಮ್ಯಾಥಮ್ಯಾಟಿಕ್ಸ್ ಎಂಬ ಸುಲಭದ ಪಾಠಕ್ರಮ ಒಂದು ಕಡೆ, ಬೀಜಗಣಿತ ರೇಖಾಗಣಿತಗಳನ್ನು ಆಳವಾಗಿ ಕಲಿಸುವ ಕಾಂಪೊಸಿಟ್ ಮ್ಯಾಥಮ್ಯಾಟಿಕ್ಸ್ ಇನ್ನೊಂದು ಕಡೆ ಇದ್ದವು. ಮೊದಲನೆಯದನ್ನು ಓದಿದವರಿಗೆ ಕಾಲೇಜಿನ ಗಣಿತ ವಿಭಾಗದ ದಾರಿ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಹದಿಹರೆಯದಲ್ಲಿ ಮಾಡಿದ, ಬಹಳ ಸಲ ಮನೆಯಲ್ಲಿ ಯಾರೂ ಕಾಲೇಜು ಕಂಡಿರದ ಕಾರಣ ಸಲಹೆಯೇ ಇಲ್ಲದೆ ಮಾಡಿದ ಈ ಆಯ್ಕೆ ಇಡೀ ಬದುಕಿನ ದಿಕ್ಕನ್ನು ನಿರ್ಧರಿಸುತ್ತಿತ್ತು.

ದೂರವೂ ಒಂದು ಅಘೋಷಿತ ನಿಯಮವೇ ಆಗಿತ್ತು. ಮಧುರೈಯ ಅಮೆರಿಕನ್ ಕಾಲೇಜು, ಮಧುರಾ ಕಾಲೇಜುಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆರಂಭವಾಗಿದ್ದರೂ ಕಂಬಂ ಕಡೆಯಿಂದ ಅವು ನೂರು ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿದ್ದವು. 1928ರಲ್ಲಿ ಬೋಡಿನಾಯಕ್ಕನೂರಿನವರೆಗೆ ಬಂದ ರೈಲು ಕಂಬಂ ತನಕ ಬರಲಿಲ್ಲ. ಕಣಿವೆಯೊಳಗೇ ಉತ್ತಮಪಾಳಯದಲ್ಲಿ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು 1956ರಲ್ಲಿ ಆರಂಭವಾದದ್ದು ಈ ಕಾರಣಕ್ಕೆ ದೊಡ್ಡ ತಿರುವು. ಅದೇ ಸುಮಾರಿಗೆ, ಹಿಂದಿನ ಎಫ್.ಎ.ಯ ಸ್ಥಾನದಲ್ಲಿದ್ದ ಎರಡು ವರ್ಷಗಳ ಇಂಟರ್‌ಮೀಡಿಯೇಟ್ ಹೋಗಿ, ಒಂದು ವರ್ಷದ ಪಿ.ಯು.ಸಿ. ಕಾಲೇಜಿನೊಳಗೆ ಬಂದಿತು. ಕಂಬಂನಲ್ಲಿ ಹೆಣ್ಣುಮಕ್ಕಳಿಗೆಂದು ನಂತರ ಬಂದ ಕಾಲೇಜಿಗೆ ಮಂಡ್ಯ ಜಿಲ್ಲೆಯ ಆದಿಚುಂಚನಗಿರಿಯ ಹೆಸರಿದೆ; ಕಣಿವೆಯ ಒಕ್ಕಲಿಗ ಸಮುದಾಯ ಕನ್ನಡನಾಡಿನೊಂದಿಗೆ ಉಳಿಸಿಕೊಂಡ ನಂಟನ್ನು ಆ ಹೆಸರಿನಲ್ಲಿ ಕಾಣಬಹುದು.

1978ರಲ್ಲಿ ತಮಿಳುನಾಡು ಹತ್ತು, ಎರಡು, ಮೂರು ವರ್ಷಗಳ ವ್ಯವಸ್ಥೆಯನ್ನು ಒಪ್ಪಿಕೊಂಡಾಗ ಪಿ.ಯು.ಸಿ. ಕಾಲೇಜಿನಿಂದ ಹೊರಬಂದು, ಪ್ಲಸ್ ಟೂ ಎಂಬ ಹೆಸರಿನಲ್ಲಿ ಶಾಲೆಯೊಳಗೆ ನೆಲೆಗೊಂಡಿತು. ಇದರ ಫಲವಾಗಿ ಗ್ರೂಪ್, ಅಂದರೆ ನಾಲ್ಕು ವಿಷಯಗಳ ನಿಗದಿತ ಗುಂಪು, ನಿರ್ಣಾಯಕವಾಯಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿರುವ ಗ್ರೂಪ್ ಸಿಕ್ಕವರಿಗೆ ಎಂಜಿನಿಯರಿಂಗ್; ಜೀವಶಾಸ್ತ್ರವೂ ಸೇರಿದ್ದರೆ ವೈದ್ಯಕೀಯದ ಆಸೆಯೂ ಉಂಟು. ವಾಣಿಜ್ಯ ಗ್ರೂಪ್ ಸೇರಿದವರಿಗೆ ಇವೆರಡೂ ಕೈತಪ್ಪಿದಂತೆಯೇ ಸರಿ. ಎಂಜಿನಿಯರಿಂಗ್ ಪ್ರವೇಶಕ್ಕೆ ಲೆಕ್ಕ ಹಾಕುವ ಕಟ್-ಆಫ್‌ನಲ್ಲಿ ಗಣಿತಕ್ಕೆ 100, ಭೌತ ಮತ್ತು ರಸಾಯನಶಾಸ್ತ್ರಗಳಿಗೆ ತಲಾ 50 ಎಂದು ಒಟ್ಟು 200 ಅಂಕಗಳಿದ್ದು, ತಮಿಳು, ಇಂಗ್ಲಿಷುಗಳ ಅಂಕ ಅದರಲ್ಲಿ ಸೇರುವುದಿಲ್ಲ.

ಭಾಷೆಯ ವಿಷಯದಲ್ಲಿ ಕಣಿವೆಯ ಕನ್ನಡಿಗರ ಸ್ಥಿತಿ ಗಡಿಭಾಗದವರಿಗಿಂತ ಬೇರೆಯಾಗಿದೆ. 2006ರ ತಮಿಳು ಕಲಿಕೆ ಕಾಯ್ದೆ ತಮಿಳನ್ನು ಒಂದನೆಯ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಕಡ್ಡಾಯಗೊಳಿಸುತ್ತ ಹತ್ತನೆಯ ತರಗತಿಗೆ ತಲುಪಿದಾಗ, ಹೊಸೂರು, ತಾಳವಾಡಿಗಳಂತಹ ಗಡಿಭಾಗಗಳ ಕನ್ನಡ ಶಾಲೆಗಳಿಗೆ ಅದು ದೊಡ್ಡ ಪ್ರಶ್ನೆಯಾಯಿತು, ಭಾಷಾ ಅಲ್ಪಸಂಖ್ಯಾತರ ವಿನಾಯಿತಿಯ ಬೇಡಿಕೆ ನ್ಯಾಯಾಲಯಗಳನ್ನೂ ಮುಟ್ಟಿತು. ಕಂಬಂ ಕಣಿವೆಯಲ್ಲಿ ಕನ್ನಡ ಶಾಲೆಯ ಮೆಟ್ಟಿಲನ್ನೇ ಹತ್ತದೇ ಇದ್ದ ಕಾರಣ ಕಾಯ್ದೆಯಿಂದ ಕಳೆದುಕೊಳ್ಳುವುದಕ್ಕೂ ಏನೂ ಇರಲಿಲ್ಲ. ನೋವಿನ ಸಂಗತಿಯೆಂದರೆ ಅದೇ.

ವೃತ್ತಿ ಶಿಕ್ಷಣಕ್ಕೆ 1980ರ ದಶಕದ ನಡುವಿನಲ್ಲಿ ತಂದಿದ್ದ ರಾಜ್ಯದ ಪ್ರವೇಶ ಪರೀಕ್ಷೆಯನ್ನು ಹಳ್ಳಿಯ ಮಕ್ಕಳಿಗೆ ಕೋಚಿಂಗ್ ಎಟಕುವುದಿಲ್ಲವೆಂಬ ವಾದದ ಮೇಲೆ 2007ರಲ್ಲಿ ಕೈಬಿಡಲಾಯಿತು. ಹತ್ತು ವರ್ಷಗಳ ಬಳಿಕ ವೈದ್ಯಕೀಯಕ್ಕೆ ನೀಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬಂದು ಪ್ಲಸ್ ಟೂ ಅಂಕಗಳನ್ನು ಬದಿಗೆ ಸರಿಸಿತು. 2020ರಲ್ಲಿ ರಾಜ್ಯ ಸರ್ಕಾರ, ಆರನೆಯ ತರಗತಿಯಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ತೇರ್ಗಡೆಯಾದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇಕಡಾ 7.5 ಮೀಸಲಿಟ್ಟಿತು, ಮರುವರ್ಷ ಇದೇ ಸೌಲಭ್ಯವನ್ನು ಎಂಜಿನಿಯರಿಂಗ್ ಮೊದಲಾದವುಗಳಿಗೂ ವಿಸ್ತರಿಸಿತು. ಏನನ್ನು ಓದಿದ್ದಾರೆ ಎಂಬುದರ ಜೊತೆಗೆ ಎಲ್ಲಿ ಓದಿದ್ದಾರೆ ಎಂಬುದನ್ನೂ ಈ ನಿಯಮ ಲೆಕ್ಕಕ್ಕೆ ತೆಗೆದುಕೊಂಡಿತಾದರೂ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಗ್ರೂಪ್ ಇದ್ದವರಿಗಷ್ಟೇ ವೈದ್ಯಕೀಯದ ಆ ಪಾಲು ದಕ್ಕುತ್ತದೆ.