ಮನೆಯ ಕಂಪ್ಯೂಟರಿನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್: ಕೊಪ್ಪಳದಿಂದ ಒಂದು ವಿವೇಚನೆ

12 ಜಿಬಿ ಮೆಮೊರಿಯ ಎರಡು ಆರ್‌ಟಿಎಕ್ಸ್ 3060 ಕಾರ್ಡ್‌ಗಳನ್ನು ಒಂದೇ ಮದರ್‌ಬೋರ್ಡಿಗೆ ಕೂರಿಸಿದರೆ 24 ಜಿಬಿಯ ಒಂದು ಕಾರ್ಡ್ ಆಯಿತೆಂದು ನಂಬಿದವರಿದ್ದಾರೆ. ಹಾಗಾಗುವುದಿಲ್ಲ. ಎರಡರ ಮೆಮೊರಿ ತಾನಾಗಿ ಒಂದಾಗದು. ಹಂಚುವ ಕೆಲಸವನ್ನು ತಂತ್ರಾಂಶವೇ ಮಾಡಬೇಕು.

2022ರ ಆಗಸ್ಟಿನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ಮಾದರಿ ಬಿಡುಗಡೆಯಾದ ಮೇಲೆ ವಿವರಣೆ ಬರೆದು ಚಿತ್ರ ಹುಟ್ಟಿಸುವ ಕೆಲಸ ಮನೆಯ ಯಂತ್ರಕ್ಕೂ ಎಟುಕಿತು. ಇಲ್ಲಿ ಚಿತ್ರ ಮೂಡುವುದು ಗೊತ್ತುಗುರಿಯಿಲ್ಲದ ಚುಕ್ಕೆಗಳಿಂದ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಹಂತಗಳಲ್ಲಿ. ಹಿಂದಿನ ಹಂತ ಮುಗಿಯದೆ ಮುಂದಿನದು ತೊಡಗದು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರೂ ಹೀಗೆಯೇ ಮರ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕಲಸಿದ ‘ಕಿಟ್ಟ’ ಎಂಬ ಲೇಪ ಮೆತ್ತಿ, ಅದು ಒಣಗಿದ ಮೇಲಷ್ಟೇ ಬಣ್ಣಕ್ಕೆ ಕೈಹಚ್ಚುತ್ತಾರೆ. ಇಬ್ಬರು ಕೂತರೆ ಒಂದು ಗೊಂಬೆ ಬೇಗ ಒಣಗುವುದಿಲ್ಲ, ಎರಡು ಗೊಂಬೆ ಜೊತೆಗೆ ಮುಗಿಯುತ್ತವೆ. ಎರಡು ಕಾರ್ಡ್‌ಗಳ ಸಹಜ ಲಾಭವೂ ಇಷ್ಟೇ.

ಇದಕ್ಕೊಂದು ಅಪವಾದವುಂಟು. ಹಲವು ಮಾದರಿಗಳು ಪ್ರತಿ ಹಂತದಲ್ಲೂ ಎರಡು ಲೆಕ್ಕ ಹಾಕುತ್ತವೆ: ನಾವು ಕೊಟ್ಟ ವಿವರಣೆಯೊಡನೆ ಒಂದು, ಅದಿಲ್ಲದೆ ಇನ್ನೊಂದು. ಎರಡರ ಅಂತರವನ್ನು ಹಿಗ್ಗಿಸಿ ಚಿತ್ರವನ್ನು ವಿವರಣೆಯ ಕಡೆಗೆ ಎಳೆಯುತ್ತವೆ. ಈ ಲೆಕ್ಕಗಳನ್ನು ಕಾರ್ಡಿಗೊಂದರಂತೆ ಹಂಚಿದರೆ ಒಂದೇ ಚಿತ್ರವೂ ಬೇಗ ಬಂದೀತು. ಮಾದರಿಯನ್ನೇ ಒಡೆದು ಹಂಚುವ ದಾರಿ ಕಷ್ಟದ್ದು. 2024ರಲ್ಲಿ ಬಂದ ಫ್ಲಕ್ಸ್ ಮಾದರಿಯದು 1,200 ಕೋಟಿ ನಿಯತಾಂಕ. 16 ಬಿಟ್ ಲೆಕ್ಕದಲ್ಲಿ ಅದರ ತೂಕವೇ 24 ಜಿಬಿ. ಎರಡೂ ಕಾರ್ಡ್ ತುಂಬಿಹೋಗಿ, ಲೆಕ್ಕ ಮಾಡಲು ಜಾಗವೇ ಉಳಿಯದು.

ನನ್ನ ವಾದವೆಂದರೆ, ಕನ್ನಡದ ಮನೆಯಲ್ಲಿ ಎರಡನೆಯ ಕಾರ್ಡಿಗೆ ಇದಕ್ಕಿಂತ ತಕ್ಕ ಕೆಲಸವಿದೆ. ಸ್ಟೇಬಲ್ ಡಿಫ್ಯೂಷನ್ನಿನ ಮೊದಲ ಆವೃತ್ತಿಗಳಲ್ಲಿ ವಿವರಣೆಯನ್ನು ಓದುವ ಕ್ಲಿಪ್ ಮಾದರಿ ಇಂಗ್ಲಿಷಿಗೆ ಪಳಗಿದ್ದು. ಅದು ಒಮ್ಮೆಗೆ ನೋಡುವುದು ಪಠ್ಯದ 77 ತುಣುಕುಗಳನ್ನು (ಟೋಕನ್) ಮಾತ್ರ. ‘ಕಿನ್ನಾಳ’ ಎಂಬ ಒಂದು ಹೆಸರೇ ಯೂನಿಕೋಡಿನ ಯುಟಿಎಫ್-8ರಲ್ಲಿ 21 ಬೈಟ್ ಹಿಡಿಯುತ್ತದೆ. ಅದನ್ನು ಬೈಟುಗಳಾಗಿ ಚೂರು ಮಾಡಿ ಓದುವ ಯಂತ್ರಕ್ಕೆ ನಾಲ್ಕಾರು ಕನ್ನಡ ಪದಗಳಿಗೇ ಹೊಟ್ಟೆ ತುಂಬುತ್ತದೆ, ಅರ್ಥವಂತೂ ಆಗದು. ಎಐ4ಭಾರತ್ ಸಂಶೋಧನಾ ತಂಡ 2023ರಲ್ಲಿ ಹೊರತಂದ ಅನುವಾದ ಮಾದರಿ ಇಂಡಿಕ್‌ಟ್ರಾನ್ಸ್2 ಕನ್ನಡವೂ ಸೇರಿ 22 ಭಾಷೆಗಳನ್ನು ಬಲ್ಲದು. ಅದರ ದೊಡ್ಡ ಆವೃತ್ತಿಗೂ ಎರಡು ಮೂರು ಜಿಬಿ ಸಾಕು. ಕನ್ನಡದ ವಿವರಣೆಯನ್ನು ಇಂಗ್ಲಿಷಿಗೆ ತಿರುಗಿಸಲು ಎರಡನೆಯ ಕಾರ್ಡಿನಲ್ಲಿ ಅದನ್ನು ಕೂರಿಸಿದರೆ ಮೊದಲನೆಯದಕ್ಕೆ ಚಿತ್ರದ ಕೆಲಸವೊಂದೇ. ಮಿಕ್ಕ ಜಾಗದಲ್ಲಿ ಗೊಂಬೆಗಳ ಕೆಲವು ಡಜನ್ ಫೋಟೊಗಳಿಂದ ಚಿತ್ರದ ಮಾದರಿಗೆ ಅವುಗಳ ಶೈಲಿ ಕಲಿಸುವ ‘ಲೋರಾ’ ಎಂಬ ಕಿರು ಸೇರ್ಪಡೆಯನ್ನು ಪಳಗಿಸಬಹುದು. (ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಚಿತ್ರಗಾರರನ್ನು ಕೇಳಿಯೇ ಫೋಟೊ ತೆಗೆಯಬೇಕೆಂಬುದು ನನ್ನ ನಿಲುವು.)

ಇನ್ನು ಕರೆಂಟಿನ ಮಾತು. ಒಂದು 3060 ಗರಿಷ್ಠ 170 ವ್ಯಾಟ್ ಎಳೆಯುತ್ತದೆ. ಎರಡು ಕಾರ್ಡ್, ಜೊತೆಗೆ ಉಳಿದ ಯಂತ್ರ ಸೇರಿ ಸುಮಾರು ಅರ್ಧ ಕಿಲೋವ್ಯಾಟ್. ದಿನಕ್ಕೆ ನಾಲ್ಕು ತಾಸು ಓಡಿಸಿದರೆ ತಿಂಗಳಿಗೆ 60 ಯೂನಿಟ್. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು, ಕೂಲರು ಬಿಡುವಿಲ್ಲದೆ ತಿರುಗುವ, ಇದೇ ಜಿಲ್ಲೆಯ ಗಂಗಾವತಿಯ ಮನೆಗೆ ಈ 60 ಸಣ್ಣ ಮಾತಲ್ಲ. ಕಾರ್ಡ್ ನುಂಗಿದ ಕರೆಂಟೆಲ್ಲ ಕಡೆಗೆ ಕೋಣೆಯ ಕಾವಾಗಿಯೇ ಹೊರಬರುತ್ತದೆ. ಎನ್‌ವಿಡಿಯಾದ ತಂತ್ರಾಂಶದಲ್ಲೇ ವ್ಯಾಟಿನ ಮಿತಿ ತಗ್ಗಿಸುವ ಅವಕಾಶವಿದೆ. ತುಸು ತಗ್ಗಿಸಿದಾಗ ವೇಗ ಅದೇ ಪ್ರಮಾಣದಲ್ಲಿ ಕುಸಿಯುವುದಿಲ್ಲವಾದ್ದರಿಂದ, ಏಪ್ರಿಲ್-ಮೇ ತಿಂಗಳಲ್ಲಿ ಮಿತಿ ಇಳಿಸಿ, ಚಿತ್ರಗಳನ್ನು ಸರದಿಗೆ ಹಚ್ಚಿ ರಾತ್ರಿ ಓಡಿಸುವುದೇ ಇಲ್ಲಿಗೆ ಹೊಂದುವ ಕ್ರಮ.